ಎರಡು ಹಾವು, ಒಂದು ಪೆಟ್ಟಿಗೆ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಪ್ರಾಜೆಕ್ಟು, ರಿಲೀಸು, ಡೆಡ್‌ಲೈನು... ಹಳೇ ನೆಪಗಳೇ. ಅವನ್ನೇ ಮತ್ತೆ ಹೇಳಿ ನಿಮಗೆ ಬೋರು ಹೊಡೆಸೋದಿಲ್ಲ :) ಈ ಸಲ ಹಾವುಗಳ ಬಗ್ಗೆ ಬರೀತಿದ್ದೀನಿ. ಹಾವು ಅಂದ್ರೆ ಮೈ ಜುಮ್ ಅನ್ನುವವರು ಇಲ್ಲೇ ನಿಲ್ಲಿಸಬಹುದು. ಆದರೆ ನಿಲ್ಲಿಸಬೇಡಿ, ಇದರಲ್ಲಿ ಯಾರನ್ನೂ ಹಾವು ಅಟ್ಟಿಸಿಕೊಂಡು ಬರೋದಿಲ್ಲ.

ಮೊದಲ ಸಲ ಆನ್‌ಸೈಟ್‌ಗೆ ಹೋದಾಗ ಅಮೆರಿಕದ ಉತ್ತರ ಕೆರೊಲಿನಾದ ಷಾರ್ಲಟ್‌ನಲ್ಲಿದ್ದೆ. ಬಾಡಿಗೆ ಉಳಿಸೋಣ ಅಂತ ಅಲ್ಲಿಯವನೇ ಒಬ್ಬ ಹುಡುಗನ ಜೊತೆ ಫ್ಲಾಟ್ ಹಂಚಿಕೊಂಡಿದ್ದೆ. ಹುಡುಗ ಒಳ್ಳೆಯವನು, ಪಾತ್ರೆ ತೊಳೆಯುತ್ತಿದ್ದ, ನನ್ನ ಸಾರಿನ ಪುಡಿ ವಾಸನೆಗೆ ಮುಖ ಕಿವುಚುತ್ತಿರಲಿಲ್ಲ. ಒಂದು ಶನಿವಾರ ಎಲ್ಲಿಗೋ ಹೋದವನು ಎರಡು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ಬಂದ. ಒಂದೊಂದರಲ್ಲಿ ಒಂದೊಂದು ಮರಿ ಹಾವು! ಪೆನ್ಸಿಲ್ ದಪ್ಪ, ಕಿತ್ತಳೆ ಬಣ್ಣದ ಮಚ್ಚೆ, ಪುಟ್ಟ ಕಣ್ಣು. ಕಾರ್ನ್ ಸ್ನೇಕ್ ಅಂತ ಅವುಗಳ ಹೆಸರು. ವಿಷ ಇಲ್ಲ, ಇಲಿ ತಿಂದುಕೊಂಡು ಆ ಸೀಮೆಯ ಹೊಲಗದ್ದೆಗಳಲ್ಲೇ ಇರುವ ಸಾಧು ಹಾವು. ನಮ್ಮ ಕೇರೆ ಹಾವಿನ ದೂರದ ನೆಂಟ ಅಂದುಕೊಳ್ಳಿ.

ಅವನ ಹತ್ತಿರ ಇದ್ದದ್ದು ಒಂದೇ ಗಾಜಿನ ಪೆಟ್ಟಿಗೆ. "ಎರಡನ್ನೂ ಇದರಲ್ಲೇ ಬಿಡಲಾ, ಇಲ್ಲ ಇನ್ನೊಂದು ತರಲಾ?" ಅಂತ ನನ್ನನ್ನು ಕೇಳಿದ. ಭಾರತದವನು, ಹಾವಿನ ನಾಡಿನವನು, ಇವನಿಗೆ ಗೊತ್ತಿರಬೇಕು ಅಂತ ಅವನ ಲೆಕ್ಕ. ನನಗೆ ಗೊತ್ತಿದ್ದದ್ದು ಜಾವಾ ಮಾತ್ರ. ಆದರೂ ಊರಿನ ಮರ್ಯಾದೆ ಪ್ರಶ್ನೆ ನೋಡಿ, ಗಂಭೀರವಾಗಿ "ಒಂದೇ ತಾಯಿ ಮರಿಗಳಲ್ವಾ, ಜೊತೆಗಿದ್ರೆ ಒಂದಕ್ಕೊಂದು ಸಾಥ್" ಅಂದುಬಿಟ್ಟೆ. ದೊಡ್ಡದಕ್ಕೆ ರಾಮ, ಚಿಕ್ಕದಕ್ಕೆ ಲಕ್ಷ್ಮಣ ಅಂತ ಹೆಸರಿಟ್ಟವನೂ ನಾನೇ. ಲಕ್ಷ್ಮಣ ಅಂದ್ರೆ ಆದಿಶೇಷನ ಅವತಾರ ಅಂತ ಅವನಿಗೆ ಅರ್ಧ ಗಂಟೆ ವಿವರಿಸಿದ್ದೂ ಆಯ್ತು.

ಪೆಟ್ಟಿಗೆಯ ಒಂದು ಬದಿ ಅಡಿಯಲ್ಲಿ ಬಿಸಿ ಕೊಡುವ ಮ್ಯಾಟ್, ಅದರ ಮೇಲೆ ಅಡಗಿಕೊಳ್ಳಲು ಒಂದು ತೊಗಟೆ ತುಂಡು. ಎರಡೂ ಮರಿಗಳು ದಿನವಿಡೀ ಅದರ ಕೆಳಗೆ ಒಂದರ ಮೇಲೊಂದು ಸುತ್ತಿಕೊಂಡು ಮಲಗಿರುತ್ತಿದ್ದವು. "ನೋಡು ಎಷ್ಟು ಪ್ರೀತಿ!" ಅಂತ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಅಮ್ಮ ತೀರ್ಥಹಳ್ಳಿ ಕಡೆಯವಳು. "ಎಂಥದು ಮಾರಾಯಾ, ಹಾವಿನ ಜೊತೆ ಒಂದೇ ಮನೇಲಿದ್ದೀಯಾ? ಮೊದಲು ಕುಕ್ಕೆಗೊಂದು ಹರಕೆ ಹೇಳ್ಕೋ" ಅಂದಳು.

ಐದಾರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಪೆಟ್ಟಿಗೆಯಲ್ಲಿ ಅರೆ ಜೀರ್ಣವಾದ ಇಲಿ ಮರಿ ಬಿದ್ದಿತ್ತು. ಯಾವುದೋ ಒಂದು ವಾಂತಿ ಮಾಡಿಕೊಂಡಿತ್ತು. ಯಾವುದು? ಗೊತ್ತಾಗಲಿಲ್ಲ. ರಾಮನೇ ಇರಬೇಕು ಅಂದುಕೊಂಡು ಅವನನ್ನು ಬೇರೆ ಡಬ್ಬಿಗೆ ಹಾಕಿ ಎರಡು ದಿನ ನೋಡಿಕೊಂಡೆವು. ರಾಮ ಚೆನ್ನಾಗೇ ಇದ್ದ. ಮತ್ತೆ ಜೊತೆಗೆ ಬಿಟ್ಟೆವು. ಮುಂದಿನ ವಾರ ಮತ್ತೆ ಅದೇ ಕತೆ. ಅಷ್ಟು ಹೊತ್ತಿಗೆ ಲಕ್ಷ್ಮಣ ದಾರದ ಥರ ಆಗಿದ್ದ. ಪಶುವೈದ್ಯೆ ಹತ್ತಿರ ಕರೆದುಕೊಂಡು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಬೆಚ್ಚಗಿನ ಜಾಗ ಎಷ್ಟಿದೆ?" ಒಂದೇ ಇತ್ತು. ಅದನ್ನು ದೊಡ್ಡದು ಹಿಡಿದುಕೊಂಡಿತ್ತು, ಚಿಕ್ಕದಕ್ಕೆ ಮಿಕ್ಕಷ್ಟು. ಹಾವಿಗೆ ಮೈ ಬಿಸಿಯಾಗದಿದ್ದರೆ ತಿಂದದ್ದು ಅರಗುವುದಿಲ್ಲ. ನಾನು ಪ್ರೀತಿ ಅಂದುಕೊಂಡು ಫೋಟೋ ತೆಗೆದದ್ದು ಒಂದು ಜಾಗಕ್ಕಾಗಿ ನಡೆಯುತ್ತಿದ್ದ ನೂಕಾಟವನ್ನು.

ಲಕ್ಷ್ಮಣ ಬದುಕಲಿಲ್ಲ. ಫ್ಲಾಟ್‌ಮೇಟ್ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಮೇಲೆ ಶುರುವಾಯ್ತು ನನ್ನ ಓದು. ಹಾವುಗಳನ್ನು ಜೊತೆಗಿಡಬೇಕೋ ಬೇರೆಯಿಡಬೇಕೋ ಅನ್ನುವ ಈ ಚಿಕ್ಕ ಪ್ರಶ್ನೆಗೆ ಮನುಷ್ಯರು ಹಿಂದೆ ಏನು ಉತ್ತರ ಕೊಟ್ಟಿದ್ದಾರೆ ಅಂತ ಹುಡುಕುತ್ತಾ ಹೋದರೆ ನೂರೆಪ್ಪತ್ತು ವರ್ಷಗಳ ಇತಿಹಾಸವೇ ಸಿಕ್ಕಿತು. ಅದನ್ನೇ ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ.

* * *

ಕತೆ ಶುರುವಾಗೋದು ಲಂಡನ್ನಿನಿಂದ. ಅಲ್ಲಿಯ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ 1849ರಲ್ಲಿ ಸರೀಸೃಪಗಳಿಗೆ ಅಂತಲೇ ಒಂದು ಮನೆ ತೆರೆದರು. ಜಗತ್ತಿನಲ್ಲೇ ಅಂಥದ್ದು ಮೊದಲು. ಹೊಸ ಕಟ್ಟಡ ಏನಲ್ಲ, ಮಾಂಸಾಹಾರಿ ಪ್ರಾಣಿಗಳಿದ್ದ ಹಳೆಯ ಮನೆಯನ್ನೇ ಬದಲಾಯಿಸಿದ್ದು. ಮುಂದೆ ಗಾಜು, ಒಳಗೆ ಕಂಬಳಿ, ಕಂಬಳಿಯೊಳಗೆ ಹಾವು. ಜನ ಮುಗಿಬಿದ್ದು ನೋಡಿದರು.

ಆಗ ಎಲ್ಲರ ತಲೆಯಲ್ಲಿ ಇದ್ದದ್ದು ಹಾವಿನಿಂದ ಮನುಷ್ಯನನ್ನು ಕಾಪಾಡುವುದು ಹೇಗೆ ಅನ್ನೋದು. ಅದಕ್ಕೆ ಕಾರಣವೂ ಇತ್ತು. 1852ರ ಅಕ್ಟೋಬರಿನಲ್ಲಿ ಎಡ್ವರ್ಡ್ ಗರ್ಲಿಂಗ್ ಎಂಬ ಅಲ್ಲಿಯ ಕೆಲಸಗಾರ ರಾತ್ರಿಯೆಲ್ಲ ಕುಡಿದು, ಬೆಳಿಗ್ಗೆ ಡ್ಯೂಟಿಗೆ ಬಂದು ನಾಗರಹಾವನ್ನು ಕೈಯಲ್ಲಿ ಹಿಡಿದು ಆಟವಾಡಲು ಹೋದ. ಮೂಗಿನ ಮೇಲೆ ಕಚ್ಚಿಸಿಕೊಂಡು ಸತ್ತ. ಹಾವಿನಿಂದ ಹಾವನ್ನು ಕಾಪಾಡಬೇಕು ಅನ್ನುವುದು ಅಷ್ಟೇನೂ ಯಾರಿಗೂ ಹೊಳೆದಿರಲಿಲ್ಲ. ಒಂದೇ ಜಾತಿಯವು, ಹೆಚ್ಚುಕಮ್ಮಿ ಒಂದೇ ಅಳತೆಯವು, ಒಂದೇ ಗೂಡಿನಲ್ಲಿ ಇದ್ದರಾಯ್ತು ಅಂತ.

1894ರಲ್ಲಿ ಅದೇ ಮೃಗಾಲಯದಲ್ಲಿ ಒಂದು ಘಟನೆ ನಡೆಯಿತು. ಒಂದು ಗೂಡಿನಲ್ಲಿ ಎರಡು ಬೋವಾ ಹಾವುಗಳು. ಒಂದು ಸುಮಾರು 11 ಅಡಿ, ಇನ್ನೊಂದು 9 ಅಡಿ. ಸಂಜೆ ಊಟಕ್ಕೆ ಪಾರಿವಾಳ ಬಿಟ್ಟು ಕೆಲಸಗಾರ ಮನೆಗೆ ಹೋದ. ಬೆಳಿಗ್ಗೆ ಬಂದು ನೋಡಿದರೆ ಗೂಡಿನಲ್ಲಿ ಒಂದೇ ಹಾವು! ಅದೂ ಸುತ್ತಿಕೊಂಡು ಮಲಗಲಾರದಷ್ಟು ಉಬ್ಬಿಕೊಂಡು, ಉದ್ದಕ್ಕೆ ಬಿದ್ದಿತ್ತು. ಚಿಕ್ಕದು ಹಿಡಿದಿದ್ದ ಪಾರಿವಾಳಕ್ಕೆ ದೊಡ್ಡದೂ ಬಾಯಿ ಹಾಕಿರಬೇಕು. ಹಾವಿನ ಹಲ್ಲುಗಳು ಒಳಮುಖವಾಗಿ ಬಾಗಿರುತ್ತವೆ, ಒಮ್ಮೆ ನುಂಗಲು ಶುರು ಮಾಡಿದರೆ ಸಿಕ್ಕಿದ್ದು ಒಳಗೇ ಹೋಗುತ್ತಿರುತ್ತದೆ. ಪಾರಿವಾಳದ ಹಿಂದೆ ಜೊತೆಗಾರನೂ ಹೋದ.

ಇಲ್ಲಿ ದ್ವೇಷ ಏನೂ ಇಲ್ಲ ನೋಡಿ. ದೊಡ್ಡ ಬೋವಾ ಕೊಲೆ ಮಾಡಲು ಹೊರಟಿರಲಿಲ್ಲ. ಒಂದು ತಟ್ಟೆಗೆ ಇಬ್ಬರು ಕೈ ಹಾಕಿದರು, ಅಷ್ಟೇ. ಇವತ್ತಿಗೂ ಹಾವು ಸಾಕುವವರು ಊಟ ಹಾಕುವಾಗ ಎರಡು ಹಾವುಗಳನ್ನು ಜೊತೆಗೆ ಬಿಡಬಾರದು ಅನ್ನುವುದಕ್ಕೆ ಇದೇ ಕಾರಣ.

* * *

ಊಟದ ಗಲಾಟೆಯಲ್ಲಿ ಅಚಾತುರ್ಯವಾಗಿ ನುಂಗುವುದು ಒಂದು. ಹಾವೇ ಊಟವಾಗಿರುವುದು ಇನ್ನೊಂದು. ಈ ಎರಡನೆಯದಕ್ಕೆ ನಮ್ಮ ಮಲೆನಾಡಿನವರಿಗೆ ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾಳಿಂಗ ಸರ್ಪ!

ಕಾಳಿಂಗದ ಕುಲಕ್ಕೆ 1864ರಲ್ಲಿ ಆಲ್ಬರ್ಟ್ ಗುಂಥರ್ ಕೊಟ್ಟ ವೈಜ್ಞಾನಿಕ ಹೆಸರು ಓಫಿಯೋಫೇಗಸ್. ಗ್ರೀಕಿನಲ್ಲಿ ಹಾಗಂದರೆ ಹಾವು ತಿನ್ನುವುದು ಅಂತ. ಹೆಸರಲ್ಲೇ ಎಚ್ಚರಿಕೆ ಇದೆ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯ 1899ರಲ್ಲಿ ತೆರೆದಾಗ ಅಲ್ಲಿಯ ಸರೀಸೃಪಗಳ ಉಸ್ತುವಾರಿಗೆ ಬಂದವನು ರೇಮಂಡ್ ಡಿಟ್‌ಮಾರ್ಸ್. ಹುಡುಗನಾಗಿದ್ದಾಗ ಅಪ್ಪ ಅಮ್ಮನ ಮನೆಯ ಅಟ್ಟದಲ್ಲೇ ಹಾವು ಸಾಕಿಕೊಂಡಿದ್ದ ಆಸಾಮಿ. ಅವನು ಕಾಳಿಂಗಕ್ಕೆ ಬೇರೆ ಗೂಡು ಕೊಟ್ಟು, ಅಮೆರಿಕದ ಬಡಪಾಯಿ ಹಾವುಗಳನ್ನು ಊಟವಾಗಿ ಹಾಕುತ್ತಿದ್ದ. ಇಲ್ಲಿ ಜೊತೆಗೋ ಬೇರೆಯೋ ಅನ್ನುವ ಚರ್ಚೆಗೇ ಜಾಗವಿಲ್ಲ. ಜೊತೆಗೆ ಬಿಟ್ಟರೆ ಅದು ಜೊತೆಗಾರನಲ್ಲ, ಊಟ.

ಅಂದ ಹಾಗೆ 2024ರಲ್ಲಿ ವಿಜ್ಞಾನಿಗಳು ಕಾಳಿಂಗ ಸರ್ಪ ಒಂದೇ ಜಾತಿಯಲ್ಲ, ನಾಲ್ಕು ಅಂತ ತೋರಿಸಿದರು. ಪಶ್ಚಿಮ ಘಟ್ಟದಲ್ಲಿರುವ ನಮ್ಮ ಕಾಳಿಂಗಕ್ಕೆ ಕೊಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ಕನ್ನಡದ ಪದ ಜೀವಶಾಸ್ತ್ರದ ಪುಸ್ತಕಕ್ಕೆ ಹೋಯಿತು, ಖುಷಿ ಪಡೋಣ :) 2005ರಲ್ಲಿ ರಾಮ್ಯುಲಸ್ ವಿಟೇಕರ್ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಶುರು ಮಾಡಿದ ಮೇಲೆ ಈ ಹಾವಿನ ಬದುಕಿನ ಬಗ್ಗೆ ತುಂಬಾ ವಿಷಯ ಗೊತ್ತಾಗಿದೆ. ಹೆಣ್ಣು ಕಾಳಿಂಗ ತರಗೆಲೆ ಕೂಡಿಸಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಅದೇ ಜಾತಿಯ ಗಂಡು ಹೆಣ್ಣನ್ನೇ ಕೊಂದದ್ದನ್ನೂ ಸಂಶೋಧಕರು ಅಲ್ಲಿ ಕಂಡಿದ್ದಾರೆ. ಜೋಡಿ ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ.

ಅಮೆರಿಕದಲ್ಲಿ ಜನ ಮನೆಯಲ್ಲಿ ಸಾಕುವ ಹಾವುಗಳಲ್ಲಿ ಕಿಂಗ್ ಸ್ನೇಕ್ ಅಂತ ಒಂದಿದೆ. ಕಾಳಿಂಗಕ್ಕೂ ಅದಕ್ಕೂ ಹತ್ತಿರದ ಸಂಬಂಧ ಇಲ್ಲ, ವಿಷವೂ ಇಲ್ಲ. ಆದರೆ ಊಟದ ಅಭ್ಯಾಸ ಅದೇ. ಹಾವಿನ ಹೆಸರಿನಲ್ಲಿ ಕಿಂಗ್ ಅಂತ ಕಂಡರೆ ಪಕ್ಕದಲ್ಲಿ ಪ್ರಜೆಗಳನ್ನು ಇಡಬೇಡಿ ಅಂತ ಅರ್ಥ.

* * *

ಹಾಗಾದರೆ ಹಾವುಗಳನ್ನು ಗುಂಪಾಗಿ ಯಾರೂ ಇಡಲೇ ಇಲ್ಲವಾ? ಇಟ್ಟರು. ಅದಕ್ಕೆ ನಾವು ಬ್ರೆಜಿಲ್‌ಗೆ ಹೋಗಬೇಕು.

ಸಾವೊ ಪಾಲೊ ನಗರದ ಬುಟಾಂಟಾನ್ ಸಂಸ್ಥೆ 1901ರಲ್ಲಿ ಶುರುವಾಯಿತು. ಅದರ ಮೊದಲ ನಿರ್ದೇಶಕ ವೈಟಲ್ ಬ್ರೆಜಿಲ್ (ದೇಶದ ಹೆಸರನ್ನೇ ಇಟ್ಟುಕೊಂಡ ವೈದ್ಯ!). ಕಾಫಿ ತೋಟಗಳಲ್ಲಿ ಹಾವು ಕಚ್ಚಿ ಸಾಯುತ್ತಿದ್ದ ಕೂಲಿಗಳಿಗೆ ಔಷಧಿ ತಯಾರಿಸಬೇಕಿತ್ತು. ಔಷಧಿಗೆ ವಿಷ ಬೇಕು, ವಿಷಕ್ಕೆ ಹಾವು ಬೇಕು, ಒಂದೆರಡಲ್ಲ, ರಾಶಿ ರಾಶಿ. ಅವನು ರೈತರ ಜೊತೆ ಒಂದು ಒಪ್ಪಂದ ಮಾಡಿಕೊಂಡ. ನೀವು ಹಾವು ಹಿಡಿದು ಪೆಟ್ಟಿಗೆಯಲ್ಲಿ ಕಳಿಸಿ, ಬದಲಿಗೆ ನಾನು ಔಷಧಿ ಕಳಿಸುತ್ತೇನೆ. ರೈಲಿನಲ್ಲಿ ಹಾವಿನ ಪೆಟ್ಟಿಗೆಗಳು ಬರತೊಡಗಿದವು.

ಬಂದ ಹಾವುಗಳಿಗೆ ಬಯಲಿನಲ್ಲೇ ಒಂದು ಅಂಗಳ. ಸುತ್ತ ಗೋಡೆ, ಗೋಡೆಯ ಒಳಗೆ ನೀರಿನ ಕಾಲುವೆ, ನಡುವೆ ಹುಲ್ಲಿನ ಮೇಲೆ ನಮ್ಮ ಹುತ್ತದ ಥರ ಗುಮ್ಮಟದಾಕಾರದ ಚಿಕ್ಕ ಚಿಕ್ಕ ಗೂಡುಗಳು. ವಿಷದ ಹಾವುಗಳಿಗೆ ಒಂದು ಅಂಗಳ, ವಿಷವಿಲ್ಲದವಕ್ಕೆ ಇನ್ನೊಂದು. ಒಳಗೆಲ್ಲ ಜೊತೆಜೊತೆಗೇ. ಹಳೆಯ ಫೋಟೋ ನೋಡಿದರೆ ಹಾವುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಿಸುತ್ತದೆ. ಆದರೆ ಆ ಅಂಗಳ ಹಾವುಗಳು ಬಹುಕಾಲ ಬದುಕಲಿ ಅಂತ ಮಾಡಿದ್ದಲ್ಲ. ವಿಷ ತೆಗೆಯಲು ಮಾಡಿದ್ದು. ಸತ್ತರೆ ಮುಂದಿನ ರೈಲಿನಲ್ಲಿ ಇನ್ನಷ್ಟು ಬರುತ್ತಿದ್ದವು.

ಅಲ್ಲೂ ಒಂದು ಕಿಂಗ್ ಇತ್ತು. ಅದರ ಹೆಸರು ಮುಸುರಾನ. ವಿಷದ ಹಾವುಗಳನ್ನೇ ಹಿಡಿದು ನುಂಗುವ, ಮನುಷ್ಯನಿಗೆ ಅಪಾಯ ಮಾಡದ ಕಪ್ಪು ಹಾವು. ವೈಟಲ್ ಬ್ರೆಜಿಲ್‌ಗೆ ಅದರ ಮೇಲೆ ಬಹಳ ಪ್ರೀತಿ. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1913ರಲ್ಲಿ ಬುಟಾಂಟಾನ್‌ಗೆ ಬಂದಾಗ ಅವನ ಎದುರೇ ಮುಸುರಾನ ಮತ್ತು ವಿಷದ ಹಾವನ್ನು ಒಟ್ಟಿಗೆ ಬಿಟ್ಟು ತೋರಿಸಿದರು. ಮುಸುರಾನ ಅದನ್ನು ಹಿಡಿದು, ಸುತ್ತಿ, ಇಡಿಯಾಗಿ ನುಂಗಿತು. ರೂಸ್‌ವೆಲ್ಟ್ ಅದನ್ನು 1914ರ ತನ್ನ ಪ್ರವಾಸದ ಪುಸ್ತಕದಲ್ಲಿ ಮೆಚ್ಚಿ ವಿವರವಾಗಿ ಬರೆದಿದ್ದಾನೆ. ಹಾವುಗಳನ್ನು ಜೊತೆಗೆ ಬಿಡುವುದು ಹೀಗೆ ಒಂದು ಪ್ರದರ್ಶನವೂ ಆಗಿತ್ತು.

ನಮ್ಮ ಪಕ್ಕದಲ್ಲೇ ಇದಕ್ಕೆ ಹೋಲಿಸಬಹುದಾದ ಇನ್ನೊಂದು ಜಾಗ ಇದೆ. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ. ಅಲ್ಲಿ ಹಾವುಗಳಿಗೆ ಮಣ್ಣಿನ ಮಡಕೆ, ಬಾಯಿಗೆ ಬಟ್ಟೆ. ಮೂರ್ನಾಲ್ಕು ವಾರ ಇಟ್ಟುಕೊಂಡು ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಒಂದು ಗುರುತು ಮಾಡಿ, ಮತ್ತೆ ಹೊರಗೆ ಬಿಟ್ಟುಬರುತ್ತಾರೆ. ಅದು ಮನೆಯಲ್ಲ, ಲಾಡ್ಜು. ಬಂದವರು ವಾಪಸ್ ಹೋಗುತ್ತಾರೆ ಅನ್ನುವುದೇ ಬುಟಾಂಟಾನ್‌ನ ಹಳೆಯ ಅಂಗಳಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ.

* * *

ಇಲ್ಲಿ ಒಂದು ನಿಮಿಷ ನಮ್ಮೂರಿನ ಅಶ್ವತ್ಥಕಟ್ಟೆಗೆ ಬನ್ನಿ. ಕಟ್ಟೆಯ ಮೇಲೆ ನಾಗರಕಲ್ಲು. ಎರಡು ಹಾವು ಒಂದಕ್ಕೊಂದು ಹೆಣೆದುಕೊಂಡು ಮುಖಾಮುಖಿ ಹೆಡೆ ಎತ್ತಿರುವ ಕೆತ್ತನೆ ನೀವೆಲ್ಲ ನೋಡಿರುತ್ತೀರಿ. ಹಾವು ಅಂದರೆ ಜೋಡಿ ಅನ್ನುವುದು ನಮ್ಮ ಮನಸ್ಸಿಗೆ ಬಂದಿರೋದು ಇಂಥ ಚಿತ್ರಗಳಿಂದ. ಒಂದನ್ನು ಕೊಂದರೆ ಇನ್ನೊಂದು ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ ಅನ್ನೋದು, ಕೇರೆ ಹಾವು ನಾಗರಕ್ಕೆ ಗಂಡ ಅನ್ನೋದು, ಇವೆಲ್ಲ ಕೇಳಿಕೊಂಡೇ ಬೆಳೆದದ್ದು. ನಾನು ಷಾರ್ಲಟ್‌ನಲ್ಲಿ "ಜೊತೆಗಿದ್ರೆ ಸಾಥ್" ಅಂದಾಗ ನನ್ನ ಬಾಯಲ್ಲಿ ಮಾತಾಡಿದ್ದು ಆ ಕಟ್ಟೆಯೇ ಇರಬೇಕು.

ಕಲ್ಲಿನ ಬಗ್ಗೆ ನನಗೆ ತಕರಾರಿಲ್ಲ, ಅದು ಭಕ್ತಿಯ ವಿಷಯ. ಆದರೆ ಗದ್ದೆ ಬದುವಿನಲ್ಲಿ ಎರಡು ಕೇರೆ ಹಾವುಗಳು ಹಗ್ಗ ಹೊಸೆದ ಹಾಗೆ ಹೆಣೆದುಕೊಂಡು ಮೇಲೇಳುವುದನ್ನು ನೋಡಿ ನಾವು "ಮಿಲನ" ಅಂತೀವಲ್ಲ, ಅದು ಬಹುತೇಕ ಸಲ ಎರಡು ಗಂಡುಗಳ ಕುಸ್ತಿ! ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಬೇಕು, ಒತ್ತಿದವನು ಗೆದ್ದ. ಕಚ್ಚುವುದಿಲ್ಲ. ಸೋತವನು ಜಾಗ ಬಿಟ್ಟು ಹೋಗುತ್ತಾನೆ.

ಈ ತಪ್ಪು ನಾವು ಮಾತ್ರ ಮಾಡಿದ್ದಲ್ಲ ಬಿಡಿ. ಅಮೆರಿಕದಲ್ಲೂ ಬುಡುಬುಡಿಕೆ ಹಾವುಗಳ (ಬಾಲ ಅಲ್ಲಾಡಿಸಿ ಸದ್ದು ಮಾಡುವ ರ‍್ಯಾಟಲ್ ಸ್ನೇಕ್‌ಗಳಿಗೆ ನಾನಿಟ್ಟ ಹೆಸರು) ಈ ಆಟವನ್ನು ಬಹಳ ಕಾಲ ಪ್ರಣಯ ನೃತ್ಯ ಅಂತಲೇ ಕರೆಯುತ್ತಿದ್ದರು. ಸ್ಯಾನ್ ಡಿಯೆಗೊ ಮೃಗಾಲಯದ ಚಾರ್ಲ್ಸ್ ಶಾ 1948ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದು ಗಂಡುಗಳ ನಡುವಿನ ಸೆಣಸಾಟ ಅಂತ ತೋರಿಸಿದ.

ಸೋತವನು ಜಾಗ ಬಿಟ್ಟು ಹೋಗುತ್ತಾನೆ ಅಂದೆನಲ್ಲ, ಆ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಗಾಜಿನ ಪೆಟ್ಟಿಗೆಯಲ್ಲಿ ಸೋತವನು ಎಲ್ಲಿಗೆ ಹೋಗಬೇಕು?

* * *

ಈಗ ಮೃಗಾಲಯದಿಂದ ಮನೆಗೆ ಬರೋಣ. ನಡುವೆ ಒಬ್ಬರನ್ನು ನೆನೆಯಲೇಬೇಕು, ಲಂಡನ್ ಮೃಗಾಲಯದ ಜೋನ್ ಪ್ರಾಕ್ಟರ್. ಹುಟ್ಟಿದ್ದು 1897, ತೀರಿಕೊಂಡಿದ್ದು 1931. ಅಷ್ಟು ಚಿಕ್ಕ ಬದುಕಿನಲ್ಲಿ, ಸದಾ ಕಾಯಿಲೆ ನಡುವೆ, ಸರೀಸೃಪಗಳ ಕ್ಯುರೇಟರ್ ಆಗಿ 1927ರಲ್ಲಿ ತೆರೆದ ಹೊಸ ಮನೆಯ ವಿನ್ಯಾಸ ಮಾಡಿದಾಕೆ. ವಿದ್ಯುತ್ತಿನಿಂದ ಗೂಡಿನ ಬೇಕಾದ ಕಡೆ ಮಾತ್ರ ಬಿಸಿ, ಅತಿನೇರಳೆ ಬೆಳಕನ್ನು ಒಳಗೆ ಬಿಡುವ ವಿಶೇಷ ಗಾಜು. ಇಡೀ ಕಟ್ಟಡಕ್ಕೆ ಒಂದೇ ಹವೆ ಅನ್ನುವ ಕಾಲ ಮುಗಿಯಿತು. ಪ್ರಾಣಿ ಬಿಸಿ ಬೇಕಾದಾಗ ಬಿಸಿಗೆ, ತಂಪು ಬೇಕಾದಾಗ ತಂಪಿಗೆ ಹೋಗಬಹುದು. ನಮ್ಮ ಲಕ್ಷ್ಮಣನಿಗೆ ಸಿಗದೇ ಹೋದದ್ದು ಇದೇ. 1927ರಲ್ಲೇ ಗೊತ್ತಿದ್ದ ವಿಷಯ ಅದು.

ಇನ್ನು ಕಾರ್ನ್ ಸ್ನೇಕ್ ಕತೆ. 1953ರಲ್ಲಿ ಇದೇ ಉತ್ತರ ಕೆರೊಲಿನಾದಲ್ಲಿ ಕಪ್ಪು ಬಣ್ಣವೇ ಇಲ್ಲದ, ಕೆಂಪು ಕಣ್ಣಿನ ಒಂದು ಕಾರ್ನ್ ಸ್ನೇಕ್ ಸಿಕ್ಕಿತು. ಬರ್ನಾರ್ಡ್ ಬೆಕ್ಟೆಲ್ ಎಂಬ ಚರ್ಮವೈದ್ಯ ಅದರ ಸಂತಾನ ಬೆಳೆಸಿದ. ಮೊದಲ ಪೀಳಿಗೆಯ ಮರಿಗಳೆಲ್ಲ ಮಾಮೂಲಿ ಬಣ್ಣ. ಅವುಗಳ ಮರಿಗಳಲ್ಲಿ, 1961ರಲ್ಲಿ, ಆ ಬಣ್ಣ ಮತ್ತೆ ಕಾಣಿಸಿಕೊಂಡಿತು. ಪಿಯುಸಿಯಲ್ಲಿ ಓದಿದ ಮೆಂಡೆಲನ ಬಟಾಣಿ ಲೆಕ್ಕವೇ, ಹಾವಿನ ಮೇಲೆ. ಅಲ್ಲಿಂದ ಮುಂದೆ ಬಣ್ಣ ಬಣ್ಣದ ಹಾವು ಬೆಳೆಸುವುದು ಮೊದಲು ಹವ್ಯಾಸ, ಆಮೇಲೆ ದೊಡ್ಡ ವ್ಯಾಪಾರವಾಯ್ತು. ಆಫ್ರಿಕಾದ ಬಾಲ್ ಪೈಥಾನ್‌ಗಳಲ್ಲೂ 1992ರಲ್ಲಿ ಬಾಬ್ ಕ್ಲಾರ್ಕ್ ಅದನ್ನೇ ಸಾಧಿಸಿದ ಮೇಲಂತೂ ಹೊಸ ಹೊಸ ಬಣ್ಣಗಳ ಪಂದ್ಯವೇ ಶುರುವಾಯಿತು.

ಬಣ್ಣದ ಲೆಕ್ಕ ಸರಿಯಾಗಬೇಕಾದರೆ ಅಪ್ಪ ಯಾರು ಅಮ್ಮ ಯಾರು ಅಂತ ಖಚಿತವಾಗಿ ಗೊತ್ತಿರಬೇಕು. ಹೆಣ್ಣು ಹಾವು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳಬಲ್ಲದು. ಹಾಗಾಗಿ ಜೊತೆಗಿಟ್ಟರೆ ಡೇಟಾಬೇಸೇ ಕೆಟ್ಟುಹೋಯಿತು ಅಂತ ಅರ್ಥ. ಪ್ರತಿ ಹಾವಿಗೂ ಒಂದು ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ಒಂದು ಚೀಟಿ. ಚಪ್ಪಲಿ ಡಬ್ಬಿಯಂಥ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಕಪಾಟಿನ ಡ್ರಾಯರ್ ಥರ ಸಾಲಾಗಿ ಜೋಡಿಸಿ, ಹಿಂದಿನಿಂದ ಬಿಸಿಯ ಪಟ್ಟಿ ಹಾಯಿಸಿದರು. ರ‍್ಯಾಕ್ ಅಂತಾರೆ ಅದಕ್ಕೆ. ನಮ್ಮ ಸರ್ವರ್ ರೂಮಿನಲ್ಲಿ ಇರುತ್ತದಲ್ಲ, ಥೇಟ್ ಹಾಗೇ :)

ಬೇರೆ ಇಡುವುದಕ್ಕೆ ಇನ್ನೊಂದು ಬಲವಾದ ಕಾರಣವೂ ಇತ್ತು. ರೋಗ. 1970ರ ದಶಕದಿಂದ ಬೋವಾ ಮತ್ತು ಹೆಬ್ಬಾವುಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ತಿಂದದ್ದನ್ನು ಕಕ್ಕುವುದು, ತೋಲ ತಪ್ಪುವುದು, ಆಕಾಶ ನೋಡುವ ಹಾಗೆ ಕತ್ತು ಮೇಲೆ ತಿರುಗಿಸಿಕೊಂಡು ಇರುವುದು. ಜೊತೆಯಲ್ಲಿದ್ದ ಹಾವುಗಳಿಗೂ ಹರಡುತ್ತಿತ್ತು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೋಸೆಫ್ ಡೆರಿಸಿ ಅವರ ತಂಡ ಇದರ ಹಿಂದೆ ಅರೀನಾ ವೈರಸ್ ಗುಂಪಿನ ವೈರಸ್‌ಗಳಿವೆ ಅಂತ ತೋರಿಸಿತು. ಅಲ್ಲಿಯವರೆಗೆ ಆ ಗುಂಪು ಸಸ್ತನಿಗಳಲ್ಲಿ ಮಾತ್ರ ಇದೆ ಅಂದುಕೊಂಡಿದ್ದರು. ಕೆಲವು ಬೋವಾಗಳು ಯಾವ ಲಕ್ಷಣವನ್ನೂ ತೋರಿಸದೆ ವೈರಸ್ ಹೊತ್ತುಕೊಂಡಿರುತ್ತವೆ. ನೋಡಲು ಗಟ್ಟಿಮುಟ್ಟಾಗಿರುವ ಜೊತೆಗಾರನೇ ರೋಗ ತಂದಿರಬಹುದು. ಹೊಸ ಹಾವು ಬಂದರೆ ಕೆಲವು ತಿಂಗಳು ಬೇರೆ ಕೋಣೆಯಲ್ಲೇ ಇಡಬೇಕು ಅನ್ನುವ ನಿಯಮದ ಹಿಂದೆ ಇಂಥ ಅನುಭವ ಇದೆ.

ಅಂತೂ ಬೇರೆ ಇಡುವ ಪಕ್ಷ ಗೆದ್ದಿತು. ಆದರೆ ಗೆದ್ದದ್ದು ಬಹುಮಟ್ಟಿಗೆ ಮನುಷ್ಯನ ಅನುಕೂಲಕ್ಕೆ. ಡ್ರಾಯರಿನಲ್ಲಿರುವ ಹಾವನ್ನು ಯಾರೂ ನುಂಗುವುದಿಲ್ಲ, ಕಾಯಿಲೆ ಅಂಟುವುದಿಲ್ಲ, ನಿಜ. ಪೂರ್ತಿ ಮೈ ಚಾಚಿ ನೇರವಾಗಿ ಮಲಗಲಿಕ್ಕೂ ಅದಕ್ಕೆ ಆಗುವುದಿಲ್ಲ. ಕ್ಲಿಫರ್ಡ್ ವಾರ್ವಿಕ್ ಮತ್ತು ಸಂಗಡಿಗರು 2019ರಲ್ಲಿ, ಹಾವಿನ ಗೂಡು ಕನಿಷ್ಠ ಹಾವಿನಷ್ಟಾದರೂ ಉದ್ದ ಇರಬೇಕು ಅಂತ ವಾದಿಸಿ ಬರೆದರು. ಇದನ್ನು ಹೇಳುವುದಕ್ಕೆ 2019 ಬರಬೇಕಾಯಿತಲ್ಲ ಅಂತ ನನಗೆ ಆಶ್ಚರ್ಯ.

* * *

ಇಷ್ಟು ಹೊತ್ತಿಗೆ ನಾನು, ಸರಿ, ಹಾವು ಒಂಟಿ ಜೀವಿ, ಅದಕ್ಕೆ ಗೆಳೆತನ ಗಿಳೆತನ ಏನೂ ಇಲ್ಲ, ಅಂತ ಷರಾ ಬರೆದು ಮುಗಿಸುವವನಿದ್ದೆ. ಆದರೆ ಕತೆ ಅಷ್ಟು ಸುಲಭ ಅಲ್ಲ.

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ನಾರ್ಸಿಸ್ ಎಂಬಲ್ಲಿ ಸುಣ್ಣಕಲ್ಲಿನ ಬಿರುಕುಗಳಿವೆ. ಚಳಿಗಾಲದಲ್ಲಿ ಗಾರ್ಟರ್ ಹಾವುಗಳು ಅಲ್ಲಿ ಹತ್ತಾರು ಸಾವಿರದ ಲೆಕ್ಕದಲ್ಲಿ ಒಟ್ಟಿಗೆ ಮಲಗುತ್ತವೆ. ಹೊರಗೆ ಹಿಮ, ಒಳಗೆ ಹೆಪ್ಪುಗಟ್ಟದ ಆಳ. ಅಂಥ ಬಿರುಕು ಸಿಗುವುದು ಕೆಲವೇ ಕಡೆ, ಅದಕ್ಕೇ ಎಲ್ಲರೂ ಅಲ್ಲಿ. ಬೆಂಗಳೂರಿನ ಪಿಜಿಗಳಲ್ಲಿ ಒಂದು ರೂಮಿಗೆ ಮೂವರು ಇರುವುದು ಪ್ರೀತಿಗಲ್ಲವಲ್ಲ, ಬಾಡಿಗೆಗೆ. ಇದೂ ಹಾಗೇ ಅನ್ನಬಹುದು.

ಆದರೆ ರೂಲನ್ ಕ್ಲಾರ್ಕ್ 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದೇ ತಾಯಿಗೆ ಹುಟ್ಟಿದ ರ‍್ಯಾಟಲ್ ಸ್ನೇಕ್ ಮರಿಗಳನ್ನು ಹುಟ್ಟಿದಾಗಿನಿಂದ ಬೇರೆ ಬೇರೆ ಬೆಳೆಸಿ, ಎರಡು ವರ್ಷಕ್ಕೂ ಹೆಚ್ಚು ಕಾಲದ ನಂತರ ಜೋಡಿ ಜೋಡಿಯಾಗಿ ಬಿಟ್ಟು ನೋಡಿದ. ಅಕ್ಕತಂಗಿಯರು ಪರಕೀಯರಿಗಿಂತ ಒಬ್ಬರಿಗೊಬ್ಬರು ಹತ್ತಿರ ಮಲಗಿದರು! 2020ರಲ್ಲಿ ಕೆನಡಾದ ಮಾರ್ಗನ್ ಸ್ಕಿನ್ನರ್ ಮತ್ತು ನೋಮ್ ಮಿಲ್ಲರ್ ಗಾರ್ಟರ್ ಮರಿಗಳ ಗುಂಪನ್ನು ಹಲವು ಅಡಗುತಾಣಗಳಿರುವ ಗೂಡಿನಲ್ಲಿ ಬಿಟ್ಟು, ದಿನವೂ ಅವುಗಳ ಜಾಗ ಬದಲಾಯಿಸುತ್ತಾ ನೋಡಿದರು. ಹಾವುಗಳು ಮತ್ತೆ ಮತ್ತೆ ಹೋಗಿ ತಮಗೆ ಬೇಕಾದ ಜೊತೆಗಾರರ ಹತ್ತಿರವೇ ಸೇರಿಕೊಂಡವು. ಕೆಲವು ಧೈರ್ಯದವು, ಕೆಲವು ಪುಕ್ಕಲು, ಕೆಲವಕ್ಕೆ ಗೆಳೆಯರು ಬೇಕು, ಕೆಲವಕ್ಕೆ ಅಷ್ಟಾಗಿ ಬೇಡ. ನಮ್ಮ ಆಫೀಸಿನ ಕ್ಯಾಂಟೀನೇ!

ಅಂದರೆ ಷಾರ್ಲಟ್‌ನಲ್ಲಿ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲವಾ? ಈ ಪ್ರಶ್ನೆಯನ್ನು ನಾನು ತುಂಬಾ ದಿನ ತಲೆಯಲ್ಲಿ ಹೊತ್ತುಕೊಂಡಿದ್ದೆ. ಹಾವಿಗೆ ಜೊತೆ ಗೊತ್ತಿರಬಹುದು. ಆದರೆ ಆ ಎರಡೂ ಪ್ರಯೋಗಗಳಲ್ಲಿ ಹಾವಿಗೆ ದೂರ ಹೋಗಲು ಜಾಗ ಇತ್ತು. ನಾರ್ಸಿಸ್‌ನ ಹಾವು ಬೇಸಿಗೆ ಬಂದರೆ ಬಿರುಕು ಬಿಟ್ಟು ತನ್ನ ದಾರಿ ಹಿಡಿಯುತ್ತದೆ. ಕುಸ್ತಿಯಲ್ಲಿ ಸೋತ ಕೇರೆ ಪಕ್ಕದ ಗದ್ದೆಗೆ ಹೋಗುತ್ತದೆ. ಜೊತೆ ಅಂತ ಆಗುವುದು ಬಿಟ್ಟು ಹೋಗುವ ದಾರಿ ಇದ್ದಾಗ. ದಾರಿ ಇಲ್ಲದಿದ್ದರೆ ಅದು ಜೊತೆಯಲ್ಲ, ಸೆರೆಮನೆಯ ಒಂದು ಕೋಣೆಯಲ್ಲಿ ಇಬ್ಬರು.

ಲಂಡನ್ನಿನಲ್ಲಿ ಪ್ರದರ್ಶನಕ್ಕೆ, ಬುಟಾಂಟಾನ್‌ನಲ್ಲಿ ವಿಷಕ್ಕೆ, ಅಮೆರಿಕದ ರ‍್ಯಾಕಿನಲ್ಲಿ ಬಣ್ಣಕ್ಕೆ, ನನ್ನ ಫ್ಲಾಟಿನಲ್ಲಿ ಇನ್ನೊಂದು ಪೆಟ್ಟಿಗೆಯ ದುಡ್ಡು ಉಳಿಸೋದಕ್ಕೆ. ಜೊತೆಗೆ ಇಟ್ಟವರೂ ಬೇರೆ ಇಟ್ಟವರೂ ಹಾವಿನಿಂದ ತಮಗೇನು ಬೇಕೋ ಅದರ ಪ್ರಕಾರ ಇಟ್ಟರು. ಹಾವಿನ ಕಡೆಯಿಂದ ಈ ಪ್ರಶ್ನೆ ಕೇಳಲು ಶುರುವಾಗಿ ಇನ್ನೂ ಹೆಚ್ಚು ಕಾಲ ಆಗಿಲ್ಲ.

ಹಾಗಾಗಿ ಇವತ್ತು ಯಾರಾದರೂ ನನ್ನನ್ನು ಕೇಳಿದರೆ, ಬೇರೆ ಬೇರೆ ಇಡಿ ಅಂತಲೇ ಹೇಳುತ್ತೇನೆ. ಹಾವಿಗೆ ಸ್ನೇಹ ಬೇಡ ಅಂತಲ್ಲ, ನಮ್ಮ ಮನೆಯ ಪೆಟ್ಟಿಗೆಯಲ್ಲಿ ಬಾಗಿಲು ಇಲ್ಲ ಅಂತ. ಬೇರೆ ಇಟ್ಟರೆ ಯಾವುದು ತಿಂದಿತು, ಯಾವುದು ಕಕ್ಕಿತು, ಯಾವುದು ಸೊರಗಿತು ಅಂತ ಗೊತ್ತಾಗುತ್ತದೆ. ಬಿಸಿ ಕಡೆ ಒಂದು, ತಂಪು ಕಡೆ ಒಂದು ಅಡಗುತಾಣ, ಮೈ ಚಾಚುವಷ್ಟು ಉದ್ದ. ಬಡಪಾಯಿ ಅದಕ್ಕಿಂತ ಹೆಚ್ಚೇನೂ ಕೇಳುವುದಿಲ್ಲ.

ನಮ್ಮಲ್ಲಿ ಯಾರಿಗಾದರೂ ಇದನ್ನೋದಿ ಕೇರೆ ಹಾವು ಸಾಕುವ ಹುಮ್ಮಸ್ಸು ಬಂದಿದ್ದರೆ ಈಗಲೇ ಬಿಟ್ಟುಬಿಡಿ. ನಾಗರ, ಕೇರೆ, ಹೆಬ್ಬಾವು, ಕಾಳಿಂಗ ಇವನ್ನೆಲ್ಲ ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹೊರದೇಶದ ಅಪರೂಪದ ಜಾತಿಗಳನ್ನು ಸಾಕುವವರಿಗೂ 2024ರಿಂದ ಸರಕಾರದಲ್ಲಿ ನೋಂದಣಿ ಮಾಡಿಸುವ ನಿಯಮ ಬಂದಿದೆ. ನಮ್ಮ ಹಾವುಗಳಿಗೆ ಅವುಗಳ ಗದ್ದೆ ಬದು, ಹುತ್ತ, ಕಾಡೇ ಸರಿ. ಅಲ್ಲಿ ಜೊತೆಗಿರೋದೋ ಬೇರೆಯಿರೋದೋ ಅವೇ ನೋಡಿಕೊಳ್ಳುತ್ತವೆ.

ಷಾರ್ಲಟ್ ಬಿಡುವ ಹಿಂದಿನ ವಾರ ನಾನೂ ಫ್ಲಾಟ್‌ಮೇಟೂ ಹೋಗಿ ರಾಮನಿಗೆ ದೊಡ್ಡದೊಂದು ಪೆಟ್ಟಿಗೆ ತಂದೆವು. ದುಡ್ಡು ನಾನೇ ಕೊಟ್ಟೆ. ಮೊನ್ನೆ ಅವನು ಫೋಟೋ ಕಳಿಸಿದ್ದ. ರಾಮ ಈಗ ನಾಲ್ಕಡಿ ಉದ್ದ, ಒಂಟಿ, ತೊಗಟೆಯ ಮೇಲೆ ಉದ್ದಕ್ಕೆ ಮೈ ಚಾಚಿ ಮಲಗಿದ್ದಾನೆ. ಅಮ್ಮನಿಗೆ ತೋರಿಸಿದೆ. "ಅಯ್ಯೋ ಪಾಪ, ಒಂದೇ ಇದೆಯಲ್ಲೋ, ಇನ್ನೊಂದೆಲ್ಲಿ?" ಅಂದಳು.

ಇಷ್ಟು ವರ್ಷ ಆಕೆಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡು, ಗೊತ್ತಿಲ್ದೆ ಆಗಿದ್ದು" ಅಂದಳು. ಆಮೇಲೆ ಫೋನ್ ಇಡುವ ಮುಂಚೆ, "ಮುಂದಿನ ಸಲ ಊರಿಗೆ ಬಂದಾಗ ಕುಕ್ಕೆಗೆ ಹೋಗಿ ಬರೋಣ" ಅಂತಲೂ ಸೇರಿಸಿದಳು.

ಹೋಗಿ ಬರ್ತೀನಿ. ನಿಮ್ಮ ಕಡೆಯ ಹಾವಿನ ಕತೆಗಳೇನಾದರೂ ಇದ್ದರೆ ಬರೆಯಿರಿ, ಓದೋಣ.